ನನ್ನೊಬ್ಬಳಿಗೇ ಬೊಗಳುವ ನಾಯಿ

ಫೆಬ್ರವರಿ ೯

ಅತ್ತಿಗೆ,

ನಾನು ಕ್ಷೇಮವಾಗಿಲ್ಲ. ನೀವು ಕ್ಷೇಮವಾಗಿದ್ದೀರೆಂದು ಗೊತ್ತು, ಅದಕ್ಕೇ ಕೇಳುವುದಿಲ್ಲ.

ಕಾಗದದ ಮೇಲೆ ಬರೆದಿದ್ದಾಳೆಂದು ನಗಬೇಡಿ. ನಿಮ್ಮ ಕಂಪನಿ ಕೊಟ್ಟ ದೂರಿನ ಮೇಲೆ ಬಂದವರು ನನ್ನ ಕಂಪ್ಯೂಟರು, ಫೋನು ಎರಡನ್ನೂ ಚೀಲಕ್ಕೆ ಹಾಕಿ ಮೊಹರು ಒತ್ತಿ ಒಯ್ದರು. ವಿಚಾರಣೆ ಮುಗಿಯುವವರೆಗೆ ಬೇರೆಯವರ ಫೋನನ್ನೂ ಮುಟ್ಟಬಾರದೆಂದು ಷರತ್ತು. ಹೋಗುವಾಗ ಅವರಲ್ಲೊಬ್ಬ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು ಕೈಯಾಡಿಸಿದ. ಆಸ್ಪತ್ರೆಯ ರೋಗಿಗಳ ರಿಪೋರ್ಟುಗಳನ್ನೆಲ್ಲ ಅಕ್ಕಿಯಲ್ಲಿ ಹೂತಿಟ್ಟಿದ್ದೇನೆ ಅಂದುಕೊಂಡನೋ ಏನೋ.

ನಿಮ್ಮ ತಂಡ ಆ ಆಸ್ಪತ್ರೆಗೆ ಬರೆದುಕೊಟ್ಟ ಸರ್ವರ್ ಸಾಫ್ಟ್‌ವೇರಿನಲ್ಲಿ ಬಿರುಕು ಎಲ್ಲಿದೆ ಎಂದು ಹುಡುಕಿ ಹೇಳುವುದಕ್ಕೆ ನನ್ನನ್ನು ಕರೆಸಿದ್ದು ನೀವೇ. ಹುಡುಕಿ ಹೇಳಿದೆ. ಈಗ ಬಿರುಕು ತೋರಿಸಿದವಳೇ ಕಳ್ಳಿ. ನನ್ನ ವಕೀಲರಿಗೆ ಇದನ್ನು ಅರ್ಥ ಮಾಡಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ರಿಪೋರ್ಟ್ ಹುಡುಕುವ ಪೆಟ್ಟಿಗೆಯಲ್ಲಿ ರೋಗಿಯ ಸಂಖ್ಯೆ ಬರೆಯುತ್ತಾರೆ, ಸರ್ವರು ಅದನ್ನು ತನ್ನ ಪ್ರಶ್ನೆಯೊಳಗೆ ಹಾಗೇ ಅಂಟಿಸಿ ‘ಈ ಸಂಖ್ಯೆಯವರ ರಿಪೋರ್ಟ್ ಕೊಡು’ ಎಂದು ಡೇಟಾಬೇಸಿಗೆ ಕೇಳುತ್ತದೆ ಎಂದೆ. ಯಾರಾದರೂ ಸಂಖ್ಯೆಯ ಜೊತೆಗೆ ‘ಅಥವಾ ಒಂದು ಒಂದಕ್ಕೆ ಸಮ’ ಎಂದೂ ಸೇರಿಸಿ ಬರೆದರೆ? ಒಂದು ಒಂದಕ್ಕೆ ಯಾವಾಗಲೂ ಸಮವೇ. ಷರತ್ತು ಎಲ್ಲರಿಗೂ ಹೊಂದಿತು ಎಂದುಕೊಂಡು ಡೇಟಾಬೇಸು ಎಲ್ಲ ರೋಗಿಗಳ ರಿಪೋರ್ಟನ್ನೂ ತಂದು ಮುಂದೆ ಸುರಿಯುತ್ತದೆ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಅನ್ನುತ್ತಾರೆ ಎಂದೆ. “ಆಸ್ಪತ್ರೆ ಅಂದ್ಮೇಲೆ ಇಂಜೆಕ್ಷನ್ ಇರೋದೇ ಬಿಡಮ್ಮ” ಅಂದರು. ಇವರ ಕೈಯಲ್ಲಿದೆ ನನ್ನ ಬದುಕು.

ಈಗ ನನ್ನ ಪ್ರಶ್ನೆ. ನನ್ನ ರಿಪೋರ್ಟ್ ನೋಡಿದ ಮೇಲೆ, ಸರ್ವರಿಗೆ ಕಳ್ಳರು ನುಗ್ಗಿದರೆ ಕೂಗಲೆಂದು ನೀವು ಕೂರಿಸಿದ ಅಲಾರಾಂ ಇದೆಯಲ್ಲ, ರೋಗಿಗಳ ರಿಪೋರ್ಟುಗಳು ಸೋರಿಹೋದ ತಿಂಗಳಿನ ಅದರ ದಾಖಲೆಯಲ್ಲಿ ಅಷ್ಟನ್ನೂ ಹೊತ್ತೊಯ್ದವನ ಸುಳಿವೇ ಇಲ್ಲವಂತೆ. ಒಂದು ಸಲ ಬಾಗಿಲು ತಟ್ಟಿದ ನನ್ನ ಗುರುತು ಮಾತ್ರ ಇದೆಯಂತೆ. ಆ ಬಾಗಿಲು ತಟ್ಟಿದ್ದಾದರೂ ಯಾರ ಮಾತಿಗೆ? “ಅಲಾರಾಂ ಕೂರ್ಸಿದೀವಿ, ಒಂದ್ಸಲ ನೋಡ್ಬಿಡು ಚೂಟಿ” ಎಂದು ಫೋನ್ ಮಾಡಿದವರು ನೀವು. ನಾನು ನೋಡಿದೆ. ಅಲಾರಾಂ ಹೊಡೆದು ನನ್ನನ್ನು ಹೊರಗೆ ಹಾಕಿ ಚಿಲಕ ಹಾಕಿತು. ಇನ್ನೊಂದು ದಿನ ಕೊಡಿ, ಬೇರೆ ಬೇರೆ ಥರ ತಟ್ಟಿ ನೋಡುತ್ತೇನೆ ಎಂದು ಕೇಳಿದರೆ ನಿಮ್ಮ ಮ್ಯಾನೇಜರು “ಹೊಡೀತಲ್ಲ, ಸಾಕು” ಅಂದರು.

ಆ ಫೋನಿನ ಮಾತನ್ನು ವಿಚಾರಣಾಧಿಕಾರಿಯ ಮುಂದೆ ಹೇಳುತ್ತೀರೋ ಇಲ್ಲವೋ, ಅಷ್ಟು ಬರೆಯಿರಿ.

ನಿಮ್ಮ ನಾದಿನಿ


ಫೆಬ್ರವರಿ ೧೭

ಚೂಟಿ,

ನಿನ್ನ ಪತ್ರ ತಲುಪಿತು. ಹಿರಿಯರಿಗೆ ಬರೆಯುವ ರೀತಿ ಇದೇ ಆದರೆ ಹೀಗೇ ಬರಿ, ನನಗೇನು.

ನಿನಗೆ ಈ ಕಸುಬಿನ ಮೊದಲ ಅಕ್ಷರ ತಿದ್ದಿಸಿದವಳು ನಾನು. ನಾನು ಮದುವೆಯಾಗಿ ಬಂದ ವರ್ಷ ಊಟದ ಮೇಜಿನ ಮೇಲೆ ನಿನ್ನನ್ನು ಕೂರಿಸಿಕೊಂಡು ಡೇಟಾಬೇಸು ಅಂದರೇನು ಎಂದು ಹೇಳಿಕೊಟ್ಟೆ. ನೀನು ಗುರುವಿಗೇ ತಿರುಮಂತ್ರ ಹಾಕಿದೆ. ರಿಪೋರ್ಟನ್ನು ನನ್ನ ಕೈಗೆ ಕೊಡಬಹುದಿತ್ತು. ಮೀಟಿಂಗಿನಲ್ಲಿ, ಆಸ್ಪತ್ರೆಯವರ ಎದುರಿಗೆ, ದೊಡ್ಡ ಪರದೆಯ ಮೇಲೆ ತೋರಿಸಿ “ಈ ಬಾಗಿಲು ತೆಗೆಯೋಕೆ ನನ್ನಂಥವರು ಬೇಕಾಗಿಲ್ಲ, ಬೆಕ್ಕು ಕೀಬೋರ್ಡ್ ಮೇಲೆ ನಡೆದ್ರೂ ಸಾಕು” ಅಂದೆ. ಎಲ್ಲರೂ ನಕ್ಕರು. ನಾನು ಅಲ್ಲೇ ಕೂತಿದ್ದೆ. ಆ ಕೋಡ್ ಬರೆದ ನನ್ನ ತಂಡದವರೆಲ್ಲ ತಲೆ ತಗ್ಗಿಸಿ ಕೂತಿದ್ದರು. ಅವತ್ತಿನಿಂದ ಮ್ಯಾನೇಜರು ನನ್ನನ್ನು ಕಂಡಾಗಲೆಲ್ಲ ಮಿಯಾಂವ್ ಅನ್ನುತ್ತಾರೆ. ಇದು ನಿನಗೆ ಗೊತ್ತಿರಲಿಕ್ಕಿಲ್ಲ.

ಸರ್ವರನ್ನು ಬಿಚ್ಚಿ ಸರಿಯಾಗಿ ಬರೆಯಲು ಎರಡು ತಿಂಗಳು ಬೇಕೆಂದು ನೀನು ರಿಪೋರ್ಟಿನಲ್ಲಿ ಬರೆದಿದ್ದೆ. ನಾವು ಅದೇ ಮಧ್ಯಾಹ್ನ ಅಲಾರಾಂ ಕೂರಿಸಿ ಮುಗಿಸಿದೆವು. ಸಂಜೆಯ ಚಹಾ ಬರುವಷ್ಟರಲ್ಲಿ ಕೆಲಸ ಆಗಿತ್ತು. ಅದು ನಿನ್ನನ್ನು ಹಿಡಿಯಿತು. ದಾಖಲೆಯಲ್ಲಿ ನೀನೊಬ್ಬಳೇ ಇದ್ದರೆ ನಾನೇನು ಮಾಡಲಿ? ಇಲ್ಲದವರನ್ನು ಎಲ್ಲಿಂದ ತರಲಿ?

ಫೋನಿನಲ್ಲಿ ಏನು ಅಂದೆನೋ ನನಗೆ ಸರಿಯಾಗಿ ನೆನಪಿಲ್ಲ. ನೆನಪಿಲ್ಲದ್ದನ್ನು ಹೇಳಲಾರೆ. ನಿನ್ನ ಅಣ್ಣ ಎರಡು ವಾರದಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಅದಕ್ಕೂ ನೀನೇ ಕಾರಣ.

ಅತ್ತಿಗೆ


ಫೆಬ್ರವರಿ ೨೧

ಅತ್ತಿಗೆ,

ಮಿಯಾಂವ್ ವಿಷಯ ನನಗೆ ಗೊತ್ತಿರಲಿಲ್ಲ. ಆ ಮಾತು ಆಡಬಾರದಿತ್ತು. ಆದರೆ ಮಿಯಾಂವ್ ಅನ್ನುವವನ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿದಿರಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಅಂದರೆ ಇದೇ.

ನಿಮ್ಮ ಪತ್ರದಲ್ಲಿ ಒಂದು ಮಾತಿದೆ. ಅದನ್ನು ಓದಿದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅದೇ ಮಧ್ಯಾಹ್ನ ಮುಗಿಸಿದಿರಾ? ಚಹಾ ಬರುವಷ್ಟರಲ್ಲಿ? ಅಷ್ಟು ಹೊತ್ತಿನಲ್ಲಿ ಆಗುವ ಕೆಲಸ ಒಂದೇ ಒಂದು, ಅತ್ತಿಗೆ. ನನ್ನ ರಿಪೋರ್ಟಿನಿಂದ ‘ಒಂದು ಒಂದಕ್ಕೆ ಸಮ’ ಎಂಬ ಸಾಲನ್ನು ನಕಲು ಮಾಡಿ ‘ಇದು ಬಂದರೆ ಕೂಗು’ ಎಂದು ಅಲಾರಾಮಿಗೆ ಹೇಳಿಕೊಡುವುದು. ಬಿರುಕನ್ನು ಮುಟ್ಟಿಯೇ ಇಲ್ಲ. ನಾನು ಉದಾಹರಣೆಗೆ ಕೊಟ್ಟ ಸಾಲನ್ನು ಮಾತ್ರ ತಡೆದಿದ್ದೀರಿ.

ಮನೆಗೆ ಕಳ್ಳರ ಕಾಟ ಇದೆ, ಹುಷಾರು ಎಂದು ಹೇಳಲು ಬಂದವಳ ಸೆರಗು ಮೂಸಿಸಿ ನಾಯಿ ಸಾಕಿದ್ದೀರಿ. ಆ ನಾಯಿ ನನ್ನೊಬ್ಬಳಿಗೇ ಬೊಗಳುತ್ತದೆ. ಕಳ್ಳ ಬಂದ, ಬೇರೆ ಬಟ್ಟೆ ಹಾಕಿಕೊಂಡು ಬಂದ, ನಾಯಿ ಬಾಲ ಅಲ್ಲಾಡಿಸಿತು. ಅವನು ತಿಜೋರಿ ಹೊತ್ತು ಹೋದ. ಬೆಳಗ್ಗೆ ಎದ್ದು ನೋಡಿ, ನಾಯಿ ಬೊಗಳಿದ್ದು ಒಬ್ಬಳಿಗೇ, ಆದ್ದರಿಂದ ಕದ್ದವಳು ಅವಳೇ ಎಂದು ದೂರು ಕೊಟ್ಟಿರಿ. ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ್ದನ್ನು ಕೇಳಿದ್ದೆ, ಇಲ್ಲಿ ಒರೆಸಲು ಬಟ್ಟೆ ಕೊಟ್ಟವರು ನನ್ನ ಮನೆಯವರೇ.

ನನಗೆ ಬೇರೇನೂ ಬೇಡ. ಅಲಾರಾಮಿಗೆ ಏನು ಕಲಿಸಿದಿರಿ, ಯಾರು ಕಲಿಸಿದರು ಎಂಬುದನ್ನು ಅಧಿಕಾರಿಯ ಮುಂದೆ ಹೇಳಿ. ನೀವು ಹೇಳದಿದ್ದರೆ ನನಗೆ ಜೈಲು. ಜೈಲಿನಿಂದ ಬಂದ ಮೇಲೆ ನನ್ನನ್ನು ಯಾವ ಸರ್ವರಿನ ಹತ್ತಿರವೂ ಬಿಡುವುದಿಲ್ಲ. ಇದು ನಿಮಗೆ ಗೊತ್ತು.

ಚೂಟಿ


ಮಾರ್ಚ್ ೧೪

ಚೂಟಿ,

ಉತ್ತರ ಬರೆಯಲು ಕೂತು ಹಲವು ಸಲ ಎದ್ದೆ.

ಮ್ಯಾನೇಜರ ಜೊತೆ ಮಾತಾಡಿದೆ. ಅವರೂ ಇದನ್ನು ಎಳೆದಾಡುವುದು ಬೇಡ ಅನ್ನುತ್ತಿದ್ದಾರೆ. ಜೊತೆಗಿಟ್ಟ ಕಾಗದದಲ್ಲಿ ಎರಡೇ ಸಾಲು ಇವೆ. ಪರೀಕ್ಷೆ ಮಾಡುವಾಗ ಅಚಾತುರ್ಯದಿಂದ ಮಿತಿ ಮೀರಿದೆ ಎಂದು ನೀನು ಒಪ್ಪಿಕೊಂಡರೆ ಕಂಪನಿ ದೂರು ಹಿಂದಕ್ಕೆ ಪಡೆಯುತ್ತದೆ. ಅಲಾರಾಂ ಕೂರಿಸಿದ ಮೇಲೆ ಸರ್ವರಿನಲ್ಲಿ ಬಿರುಕೇ ಇಲ್ಲ ಎಂದು ಅವರು ಆಸ್ಪತ್ರೆಗೆ ಈಗಾಗಲೇ ಬರೆದುಕೊಟ್ಟಿದ್ದಾರೆ. ಅದು ಹಾಗೇ ಇರಲಿ. ನಿನಗೆ ಜೈಲು ತಪ್ಪುತ್ತದೆ, ನನಗೆ ಕೆಲಸ ಉಳಿಯುತ್ತದೆ. ಒಂದು ಸಹಿ ಮಾಡಿ ಮನೆಗೆ ಬಾ.

ಅಲಾರಾಂ ಬಗ್ಗೆ ನೀನು ಬರೆದದ್ದೆಲ್ಲ ಊಹೆ. ನನ್ನ ತಂಡ ಅಷ್ಟು ದಡ್ಡರದ್ದಲ್ಲ.

ಅತ್ತಿಗೆ

ಪುಟ್ಟಿ, ಹೊಂದಿಕೊಂಡು ಹೋಗಮ್ಮ. ಅವಳು ಹೇಳುವುದೂ ಸರಿ, ನೀನು ಹೇಳುವುದೂ ಸರಿ. ಅಮ್ಮನಿಗೆ ಇನ್ನೂ ಏನೂ ಹೇಳಿಲ್ಲ. — ಅಣ್ಣ


ಮಾರ್ಚ್ ೧೯

ಅತ್ತಿಗೆ,

ಮೊದಲು ಅಣ್ಣನಿಗೆ. ನಿನ್ನ ದೀಪ ಇನ್ನೂ ಅಡ್ಡಗೋಡೆಯ ಮೇಲೇ ಇದೆ, ಎಣ್ಣೆ ಮುಗಿಯುವ ಮೊದಲು ಯಾವ ಕಡೆಗಾದರೂ ಇಳಿಸು. ಅಮ್ಮನಿಗೆ ನಾನೇ ಹೇಳಿದ್ದೇನೆ. ಅವಳು ಮೊನ್ನೆಯಿಂದ ಇಲ್ಲೇ ಇದ್ದಾಳೆ.

ಈಗ ನಿಮಗೆ. ಸಹಿ ಹಾಕುವುದಿಲ್ಲ. ಆ ಕಾಗದವನ್ನು ಹರಿದಿದ್ದೇನೆ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಡುಗೆಯಮ್ಮ ಇದ್ದಾರೆ, ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ ಕೆಲಸ. ಯಾವತ್ತೋ ಅವರಿಗೆ ಕ್ಷಯ ಬಂದಿತ್ತು. ನಿಮ್ಮ ಸಾಫ್ಟ್‌ವೇರು ಇರುವ ಅದೇ ಆಸ್ಪತ್ರೆಯಲ್ಲಿ ಔಷಧಿ ತೆಗೆದುಕೊಂಡು ಪೂರ್ತಿ ವಾಸಿಯಾದರು. ಸೋರಿಹೋದ ರಿಪೋರ್ಟುಗಳಲ್ಲಿ ಅವರದ್ದೂ ಇತ್ತು. ಯಾರೋ ಹಾಸ್ಟೆಲಿನವರ ಫೋನಿಗೆ ಕಳಿಸಿದ್ದಾರೆ. ರೋಗ ಇದೆ ಎಂಬ ಹಾಳೆ ಬಂತು, ವಾಸಿಯಾಯಿತು ಎಂಬ ಹಾಳೆ ಬರಲಿಲ್ಲ. ಅವತ್ತೇ ಅವರನ್ನು ಕೆಲಸದಿಂದ ಬಿಡಿಸಿದರು. ಅವರು ಮುಟ್ಟಿದ್ದ ಸೌಟುಗಳನ್ನೂ ಎಸೆದರಂತೆ. ಸೌಟಿನ ವಿಷಯ ಹೇಳುವಾಗಲೇ ಅವರು ಅತ್ತದ್ದು.

ನಿನ್ನೆ ಮೆಟ್ಟಿಲು ಹತ್ತಿ ಬಂದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು.

“ನೀವೇ ಕದ್ದಿದ್ದಂತೆ, ಹೌದಾ?”

“ನಾನಲ್ಲಮ್ಮ.”

“ಮತ್ಯಾರು?”

“ಗೊತ್ತಿಲ್ಲ.”

“ನಿಮ್ಗೇ ಗೊತ್ತಿಲ್ಲ ಅಂದ್ರೆ ನಾನ್ಯಾರನ್ನ ಕೇಳ್ಲಿ?”

ನಿಮ್ಮ ಕಾಗದಕ್ಕೆ ನಾನು ಸಹಿ ಹಾಕಿದರೆ ಅವರ ಪ್ರಶ್ನೆಗೆ ಉತ್ತರ ‘ಹೌದು, ನಾನೇ’ ಎಂದಾಗುತ್ತದೆ. ಅದು ಸುಳ್ಳು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬಿರುಕು ಉಳಿದೇ ಇಲ್ಲ ಎಂದಾದರೆ ಅದನ್ನು ಯಾರೂ ಮುಚ್ಚುವುದಿಲ್ಲ. ಅದು ಈಗಲೂ ತೆರೆದಿದೆ ಅತ್ತಿಗೆ.

ಊಹೆ ಅಂದಿರಲ್ಲ. ನೀವೇ ಕೂತು ನೋಡಿ. ಒಂದು ಒಂದಕ್ಕೆ ಸಮ ಎಂದು ಬರೆಯಬೇಡಿ, ಎರಡು ಎರಡಕ್ಕೆ ಸಮ ಎಂದು ಬರೆಯಿರಿ. ನಿಮ್ಮ ನಾಯಿ ಬೊಗಳಿದರೆ ನಾನೇ ಬಂದು ನಿಮ್ಮ ಕಾಲು ಹಿಡಿಯುತ್ತೇನೆ.

ಚೂಟಿ


ಏಪ್ರಿಲ್ ೮

ಚೂಟಿ,

ನಿನ್ನ ಪತ್ರವನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದ್ದೆ. ನೋಡುವುದೇ ಇಲ್ಲ ಎಂದುಕೊಂಡಿದ್ದೆ. ನಿನ್ನೆ ಊಟಕ್ಕೆ ಎಲ್ಲರೂ ಕೆಳಗೆ ಹೋಗಿದ್ದರು. ನೀನು ತಪ್ಪೆಂದು ತೋರಿಸಿ, ಕಾರವಾಗಿ ಒಂದು ಉತ್ತರ ಬರೆಯೋಣ ಎಂದು ಕೂತೆ.

ಎರಡು ಎರಡಕ್ಕೆ ಸಮ ಎಂದು ಬರೆದೆ.

ಬಂದವು. ಪರದೆ ತುಂಬ ಬಂದವು. ನಾಲ್ಕನೆಯ ಸಾಲಿನಲ್ಲೇ ಅತ್ತೆಯವರ ಹೆಸರು, ಅವರ ಸಕ್ಕರೆಯ ಲೆಕ್ಕ. ನಾನು ಪರದೆಗೆ ಕೈ ಅಡ್ಡ ಹಿಡಿದೆ, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಲಾರಾಂ ತೆಪ್ಪಗಿತ್ತು. ದಾಖಲೆ ತೆಗೆದು ನೋಡಿದೆ, ನನ್ನ ಹೆಸರು ಎಲ್ಲೂ ಇಲ್ಲ. ನಾನು ಬಾಯಿ ಬಿಡದಿದ್ದರೆ ನಾನು ನೋಡಿದೆ ಎಂಬುದು ದೇವರಿಗೂ ತಿಳಿಯುವುದಿಲ್ಲ.

ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎದುರಿಗೆ ಇದ್ದಿದ್ದರೆ ಒಂದು ಬಿಡುತ್ತಿದ್ದೆ. ನೀನು ಸರಿ ಇದ್ದುದಕ್ಕೆ.

ಮಧ್ಯಾಹ್ನ ಮ್ಯಾನೇಜರಿಗೆ ಹೇಳಿದೆ. “ಕೋಡ್ ಮುಟ್ಟಿದ್ರೆ ಆಸ್ಪತ್ರೆಗೆ ತಿಳಿಸ್ಬೇಕು. ತಿಳಿಸಿದ್ರೆ ಬಿರುಕು ಇನ್ನೂ ಇತ್ತು ಅಂತ ಒಪ್ಪಿದ ಹಾಗೆ. ಅಲಾರಾಮಿಗೆ ಇದನ್ನೂ ಒಂದು ಸೇರಿಸ್ಬಿಡಿ” ಅಂದರು. ನಾಳೆ ಯಾರೋ ಮೂರು ಮೂರಕ್ಕೆ ಸಮ ಅನ್ನುತ್ತಾರೆ. ನಾನು ಏನನ್ನೂ ಸೇರಿಸಲಿಲ್ಲ.

ಈಗ ನಾನು ಮಾಡಿರುವುದನ್ನು ಕೇಳು. ಹುಡುಕಾಟದ ಭಾಗ ಒಂದನ್ನೇ ಸರಿಮಾಡುವುದಾದರೆ ನನಗೆ ಒಂದು ದಿನದ ಕೆಲಸ. ಆದರೆ ಮಾಡಿಲ್ಲ. ವಿಚಾರಣೆ ಇಪ್ಪತ್ತಕ್ಕೆ ಇದೆ, ಅಧಿಕಾರಿ ಅಲ್ಲಿಯವರೆಗೆ ರಜೆ. ಈಗಲೇ ಮುಚ್ಚಿಬಿಟ್ಟರೆ ಇಪ್ಪತ್ತಕ್ಕೆ ತೋರಿಸಲು ಏನೂ ಉಳಿಯುವುದಿಲ್ಲ. ಹಳೆಯ ಕೋಡ್ ತೋರಿಸಿದರೆ, ನಾದಿನಿಯನ್ನು ಉಳಿಸಲು ಅತ್ತಿಗೆ ಕೂತು ಬರೆದದ್ದು ಅನ್ನುತ್ತಾರೆ. ತೆರೆದೇ ಇದ್ದರೆ ಎಲ್ಲರ ಮುಂದೆ ನಾನೇ ಟೈಪು ಮಾಡಿ ತೋರಿಸುತ್ತೇನೆ. ನಿನಗೋಸ್ಕರ ಹಾಗೇ ಬಿಟ್ಟಿದ್ದೇನೆ.

ಅತ್ತಿಗೆ


ಏಪ್ರಿಲ್ ೧೦

ಅತ್ತಿಗೆ,

ಅಂಚೆಗೆ ಹಾಕಿದರೆ ತಡವಾಗುತ್ತದೆ, ಅಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ಬಸ್ಸಿನಲ್ಲಿ ಬರುತ್ತಿದ್ದಾಳೆ, ಮೊದಲು ಕೂರಿಸಿ ನೀರು ಕೊಡಿ. ಆಮೇಲೆ ಇದನ್ನು ಓದಿ.

ನಿಮಗೆ ಬುದ್ಧಿ ಇದೆಯೇ?

ನನಗೋಸ್ಕರ ಬಿಟ್ಟಿದ್ದೀರಾ? ನಾನು ಕೇಳಿದೆನಾ? ಇಪ್ಪತ್ತನೇ ತಾರೀಖಿನವರೆಗೆ ಅಷ್ಟು ಜನರ ರೋಗ, ರಕ್ತ, ಬಸಿರು, ಹುಚ್ಚು ಎಲ್ಲವನ್ನೂ ಬೀದಿಯಲ್ಲಿ ಹರಡಿ, ಮಧ್ಯದಲ್ಲಿ ನಿಂತು ‘ನೋಡಿ, ನನ್ನ ನಾದಿನಿ ಒಳ್ಳೆಯವಳು’ ಅನ್ನುತ್ತೀರಾ? ಒಬ್ಬ ಕಳ್ಳ ಆಗಲೇ ದಾರಿ ಕಂಡುಕೊಂಡಿದ್ದಾನೆ. ಅವನು ನಿಮ್ಮ ವಿಚಾರಣೆಯ ತಾರೀಖು ಕೇಳಿಕೊಂಡು ಬರುವುದಿಲ್ಲ. ಅಡುಗೆಯವರ ಹಾಗೆ ಇನ್ನೆಷ್ಟು ಜನ ನನ್ನ ಬಾಗಿಲಿಗೆ ಬಂದು ನಿಲ್ಲಬೇಕು? ಆಗ ನಾನು ಏನು ಹೇಳಲಿ? ನನ್ನನ್ನು ಬಿಡಿಸಿಕೊಳ್ಳಲು ನಿಮ್ಮದನ್ನು ತೆರೆದಿಟ್ಟಿದ್ದೆವು ಎಂದು ಹೇಳಲೇ?

ಇಷ್ಟು ದಿನ ನಿಮ್ಮನ್ನು ಹೆದರುಪುಕ್ಕಲಿ ಅಂದುಕೊಂಡಿದ್ದೆ. ಈಗ ಧೈರ್ಯ ಬಂದಿದೆ, ಬಂದ ಧೈರ್ಯವನ್ನು ಇಂಥದಕ್ಕೆ ಬಳಸಿದ್ದೀರಿ.

ನನಗೆ ಹೆದರಿಕೆ ಇಲ್ಲ ಎಂದು ತಿಳಿಯಬೇಡಿ. ವಕೀಲರು ಜೈಲಿನ ಮಾತೆತ್ತಿದಾಗಲೆಲ್ಲ ನಾನು ಎದ್ದು ಹೋಗಿ ಮುಖ ತೊಳೆದು ಬರುತ್ತೇನೆ. ನಾನು ಉಳಿಯಬೇಕೆಂದು ನನಗೆ ನಿಮಗಿಂತ ಹೆಚ್ಚು ಆಸೆ ಇದೆ. ಆದರೂ ಬಿರುಕು ತೋರಿಸಿ, ಮುಚ್ಚಿ ಎನ್ನುವುದು ನನ್ನ ಕಸುಬು. ಇನ್ನೂ ಸ್ವಲ್ಪ ದಿನ ತೆರೆದಿರಲಿ ಎಂದು ಬಿಟ್ಟು ಗೆದ್ದರೆ, ಕಳ್ಳನಿಗೂ ನನಗೂ ಏನು ವ್ಯತ್ಯಾಸ?

ಮುಚ್ಚಿ. ಇವತ್ತೇ ಮುಚ್ಚಿ. ಯಾರನ್ನೂ ಕೇಳಬೇಡಿ.

ಚೂಟಿ


ಏಪ್ರಿಲ್ ೧೬

ಚೂಟಿ,

ಅತ್ತೆಯವರಿಗೆ ನೀರು ಕೊಟ್ಟೆ. ಅವರು ಕುಡಿದು, “ಓದಿದ್ಯಾ? ಇನ್ನೂ ಯಾಕೆ ಕೂತಿದೀಯಾ?” ಅಂದರು. ಅವರಿಗೆ ವಿಷಯ ಎಷ್ಟು ಅರ್ಥವಾಗಿದೆಯೋ ಗೊತ್ತಿಲ್ಲ. ನಾನು ಅವತ್ತೇ ಆಫೀಸಿಗೆ ಹೋಗಿ ಕೂತೆ. ಇನ್ನು ಮೇಲೆ ಆ ಪೆಟ್ಟಿಗೆಯಲ್ಲಿ ಯಾರು ಏನೇ ಬರೆದರೂ ಸರ್ವರು ಅದನ್ನು ರೋಗಿಯ ಸಂಖ್ಯೆ ಎಂದು ಮಾತ್ರ ನೋಡುತ್ತದೆ, ಅದು ಪ್ರಶ್ನೆಯೊಳಗೆ ನುಗ್ಗಲಾರದು. ಒಂದು, ಎರಡು, ನೂರು, ಯಾವುದು ಯಾವುದಕ್ಕೆ ಬೇಕಾದರೂ ಸಮವಾಗಿರಲಿ. ಯಾರನ್ನೂ ಕೇಳಲಿಲ್ಲ. ಮುಚ್ಚಿದ ಮೇಲೆ ಆಸ್ಪತ್ರೆಗೆ ನಾನೇ ತಿಳಿಸಿದೆ.

ಮಾರನೆಯ ದಿನ ಮ್ಯಾನೇಜರು ನನ್ನನ್ನು ಕರೆಸಿದರು. ಅವತ್ತು ಮಿಯಾಂವ್ ಅನ್ನಲಿಲ್ಲ. ಇಡೀ ಮಹಡಿಗೆ ಕೇಳುವ ಹಾಗೆ ಕೂಗಿದರು. ನಾನೂ ಕೂಗಿದೆ. ನನಗೆ ಅಷ್ಟು ದೊಡ್ಡ ದನಿ ಇದೆ ಎಂದು ನನಗೇ ಗೊತ್ತಿರಲಿಲ್ಲ. ಒಂದು ಗಂಟೆಯೊಳಗೆ ನನ್ನನ್ನು ಕೆಲಸದಿಂದ ತೆಗೆದ ಆದೇಶ ಕೈಗೆ ಬಂತು. ಅವರೇ ಹೇಳಿ ಬರೆಸಿ, ಓದಿಯೂ ನೋಡದೆ ಸಹಿ ಹಾಕಿದ್ದು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅನ್ನುತ್ತಾರಲ್ಲ, ಈ ಸಲ ಮೂಗು ಅವರದ್ದು. ಅದರಲ್ಲಿ ಹೀಗಿದೆ: ‘ರಿಪೋರ್ಟ್ ಹುಡುಕಾಟದಲ್ಲಿದ್ದ ಭದ್ರತಾ ದೋಷವನ್ನು ಮೇಲಧಿಕಾರಿಗಳ ಅನುಮತಿ ಪಡೆಯದೆ ಸರಿಪಡಿಸಿದ ಕಾರಣಕ್ಕಾಗಿ’.

ನಾನು ಅದನ್ನು ಮೆಟ್ಟಿಲ ಮೇಲೆ ಕೂತು ಮತ್ತೆ ಓದಿದೆ. ಕೆಲಸ ಹೋದದ್ದಕ್ಕೆ ಅಳು ಬರುತ್ತಿತ್ತು, ಅದರ ಜೊತೆಗೆ ನಗುವೂ ಬಂತು.

ವಿಚಾರಣಾಧಿಕಾರಿ ರಜೆ ಮೊಟಕು ಮಾಡಿ ನಿನ್ನೆಯೇ ಬಂದರು. ಇಪ್ಪತ್ತರವರೆಗೆ ಕಾಯದೆ ಹೋಗಿ ಆದೇಶವನ್ನು ಅವರ ಮುಂದಿಟ್ಟೆ. ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

“ಬಿರುಕೇ ಇಲ್ಲ ಅಂತ ಕಂಪನಿ ಬರೆದುಕೊಟ್ಟಿದೆಯಲ್ಲಮ್ಮ?”

“ಹೌದು ಸಾರ್. ಇಲ್ಲದ್ದನ್ನ ಮುಚ್ಚಿದ್ದಕ್ಕೆ ನನ್ನನ್ನ ತೆಗೆದಿದ್ದಾರೆ.”

ಉಳಿದದ್ದನ್ನೆಲ್ಲ ಹೇಳಿದೆ. ಅಲಾರಾಮಿಗೆ ನಿನ್ನ ಸಾಲೊಂದನ್ನೇ ಕಲಿಸಿದ್ದು, ಕಲಿಸಿ ಎಂದವಳು ನಾನು ಎಂಬುದು, ನೋಡು ಎಂದು ನಿನಗೆ ಫೋನು ಮಾಡಿದ್ದು. ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ. ನನಗೆ ಏನಾಗುತ್ತದೋ ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಏಳುವಾಗ ಅವರು ಅಂದದ್ದು ಇಷ್ಟು: “ಇಪ್ಪತ್ತಕ್ಕೆ ನಿಮ್ಮ ನಾದಿನಿ ಬರ್ಲಿ. ಆರೋಪಿ ಅಂತಲ್ಲ, ಸಾಕ್ಷಿ ಅಂತ ಬರ್ಲಿ.”

ಇನ್ನು ನಮ್ಮ ವಿಷಯ. ಬೆಕ್ಕಿನ ಮಾತನ್ನು ನಾನು ಮರೆತಿಲ್ಲ, ಅಷ್ಟು ಬೇಗ ಮರೆಯುವುದೂ ಇಲ್ಲ. ನಾನು ಬರೆದ ಆ ಫೆಬ್ರವರಿಯ ಪತ್ರವನ್ನು ನೀನೂ ಮರೆಯಬೇಕಾಗಿಲ್ಲ. ಇಪ್ಪತ್ತರಂದು ಬೆಳಗ್ಗೆ ಹತ್ತಕ್ಕೆ ಕರೆಯುತ್ತಾರೆ. ಹೊರಗೆ ಒಂದೇ ಬೆಂಚು ಇದೆ, ಇಬ್ಬರಿಗೆ ಸಾಕು. ನನ್ನ ಜೊತೆ ಮಾತಾಡಲೇಬೇಕೆಂದೇನಿಲ್ಲ, ಬಂದು ಕೂತುಕೋ.

ಅತ್ತಿಗೆ